ಪಿಡಿಎಫ್ ಓದಿ ನೋಟ್ಸ್ ಮಾಡಲು ಯಾವ ಆಪ್? ಗೀಟು ಹಾಕಿದ್ದು ಎಲ್ಲಿ ಉಳಿಯುತ್ತದೆ ನೋಡಿ ಆರಿಸಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈಗ ಪಿಡಿಎಫ್ ಓದದವರು ಕಡಿಮೆ. ಕೆಎಎಸ್, ಪಿಡಿಒ ಪರೀಕ್ಷೆಗೆ ಕೂತವರ ನೋಟ್ಸ್ ಪಿಡಿಎಫ್. ಮೇಷ್ಟ್ರಿಗೆ ವಾಟ್ಸಾಪ್‌ನಲ್ಲಿ ಬರುವ ಸುತ್ತೋಲೆ ಪಿಡಿಎಫ್. ವಕೀಲರಿಗೆ ಕೋರ್ಟಿನ ಆದೇಶ, ತೋಟದವರಿಗೆ ಪಹಣಿ, ಎಲ್ಲವೂ ಅದೇ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಹತ್ತಿರವೂ ಪ್ರಸಂಗದ ಪುಸ್ತಕ ಈಗ ಟ್ಯಾಬ್‌ನಲ್ಲೇ ಇರುತ್ತದೆ. ಇವರೆಲ್ಲ ಕೇಳುವುದು ಒಂದೇ: ಓದುತ್ತಾ ಗೀಟು ಹಾಕಿ, ಪಕ್ಕದಲ್ಲಿ ಎರಡು ಮಾತು ಬರೆದಿಟ್ಟುಕೊಳ್ಳಬೇಕು, ಯಾವ ಆಪ್ ಹಾಕಿಕೊಳ್ಳಲಿ?

ನಾನು ಶಿರಸಿಯಲ್ಲಿ ಲೈಬ್ರರಿ ಕೆಲಸದಲ್ಲಿರುವವನು. ಈ ಪ್ರಶ್ನೆ ಹಿಡಿದು ಬಂದವರಿಗೆ ಏನೋ ಒಂದು ಹೇಳಿ ಕಳಿಸುವುದಿಲ್ಲ. ಆಮೇಲೆ ಸಿಕ್ಕಾಗ ಹೇಗಿದೆ, ಎಲ್ಲಿ ಕೈಕೊಟ್ಟಿತು ಎಂದು ಕೇಳುತ್ತೇನೆ. ಹೀಗೆ ಕೇಳಿದ್ದನ್ನೆಲ್ಲ ಒಟ್ಟು ಮಾಡಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಆಪ್‌ನ ಬಣ್ಣ, ಅಂದ, ಬಟನ್ ಎಲ್ಲಿದೆ ಎಂಬ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ದೂರು ಬರುವುದು ಬೇರೆಯದರ ಬಗ್ಗೆ. ಫೋನ್ ಬದಲಾಯಿಸಿದೆ, ಹೈಲೈಟ್ ಎಲ್ಲ ಹೋಯಿತು. ಕನ್ನಡ ಪದ ಹುಡುಕಿದೆ, ಕಣ್ಣೆದುರು ಇದ್ದರೂ ಸಿಗಲಿಲ್ಲ. ನೆಟ್ ಇಲ್ಲ, ಫೈಲೇ ತೆರೆಯಲಿಲ್ಲ. ಇದಕ್ಕೆ ಉತ್ತರ ಗೊತ್ತಿಲ್ಲದೆ ಆಪ್ ಹೋಲಿಸಿದರೆ ಏನೂ ಉಪಯೋಗವಿಲ್ಲ.

ಗೀಟು ಎಲ್ಲಿ ಕೂರುತ್ತದೆ

ಅಡೋಬಿ ಕಂಪನಿ ಪಿಡಿಎಫ್ ತಂದದ್ದು 1993ರಲ್ಲಿ. 2008ರಲ್ಲಿ ಅದು ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಹಾಗಾಗಿ ಯಾರು ಬೇಕಾದರೂ ಪಿಡಿಎಫ್ ಓದುವ ಆಪ್ ಮಾಡಬಹುದು. ನಮಗೆ ಇದರಲ್ಲಿ ಮುಖ್ಯವಾದದ್ದು ಏನೆಂದರೆ, ಹೈಲೈಟ್, ಅಡಿಗೀಟು, ಅಂಟುಚೀಟಿಯಂಥ ಟಿಪ್ಪಣಿ, ಪೆನ್ನಿನ ಗೆರೆ ಇವೆಲ್ಲವನ್ನೂ ಫೈಲಿನ ಒಳಗೇ ಹೇಗೆ ಇಡಬೇಕು ಎಂಬುದು ಆ ಮಾನಕದಲ್ಲೇ ಇದೆ. ಅದರಂತೆ ಇಟ್ಟ ಗೀಟು ಇನ್ನೊಂದು ಆಪ್‌ನಲ್ಲಿ ತೆರೆದರೂ ಕಾಣುತ್ತದೆ, ಹತ್ತು ವರ್ಷ ಬಿಟ್ಟು ತೆರೆದರೂ ಕಾಣುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಫೈಲಿನ ಜೊತೆಗೇ ಹೋಗುತ್ತದೆ.

ಅಡೋಬಿ ಆಕ್ರೊಬ್ಯಾಟ್ ರೀಡರ್, ವಿಂಡೋಸ್‌ನಲ್ಲಿ ಮೊದಲೇ ಇರುವ ಎಡ್ಜ್ ಬ್ರೌಸರ್, ಕೆಡಿಇ ಎಂಬ ಉಚಿತ ತಂತ್ರಾಂಶ ಬಳಗದ ಓಕ್ಯುಲಾರ್, ಫೋನಿನ ಝೋಡೋ ಇವೆಲ್ಲ ಹೀಗೆ ಫೈಲಿನೊಳಗೇ ಬರೆಯುವ ಗುಂಪಿನವು. ಸೇವ್ ಮಾಡುವುದು ಮಾತ್ರ ನಿಮ್ಮ ಕೆಲಸ. ಓಕ್ಯುಲಾರ್‌ನಲ್ಲಿ ಸೇವ್ ಒತ್ತದೆ ಮುಚ್ಚಿದರೆ ಗೀಟು ಫೈಲಿಗೆ ಸೇರುವುದಿಲ್ಲ, ಮುಚ್ಚುವಾಗ ಅದು ಕೇಳುತ್ತದೆ, ಆಗ ಗಡಿಬಿಡಿ ಮಾಡಬೇಡಿ.

ಎರಡನೇ ಗುಂಪಿನ ಆಪ್‌ಗಳು ನಿಮ್ಮ ಟಿಪ್ಪಣಿಯನ್ನು ತಮ್ಮದೇ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತವೆ. ಪಿಡಿಎಫ್ ಇದ್ದ ಹಾಗೇ ಇರುತ್ತದೆ. ಇದು ತಪ್ಪು ಅಂತಲ್ಲ. ಪುಸ್ತಕ, ಲೇಖನಗಳನ್ನು ಜೋಡಿಸಿಡುವ ಝೊಟೆರೋ ಇದೇ ಗುಂಪಿನದು, ನನಗೆ ತುಂಬಾ ಇಷ್ಟವಾದದ್ದೂ ಅದೇ. ಟಿಪ್ಪಣಿ ಬೇರೆ ಇರುವುದರಿಂದಲೇ ಅದು ಹತ್ತಾರು ಪುಸ್ತಕದ ಗೀಟುಗಳನ್ನು ಒಟ್ಟಿಗೆ ಹುಡುಕಿ ಕೊಡಬಲ್ಲದು. ಆದರೆ ಝೊಟೆರೋದಲ್ಲಿ ಗೀಟು ಹಾಕಿದ ಫೈಲನ್ನು ಫೋಲ್ಡರಿನಿಂದ ನೇರ ಕಾಪಿ ಮಾಡಿ ಗೆಳೆಯನಿಗೆ ಕಳಿಸಿದರೆ ಅವನಿಗೆ ಖಾಲಿ ಪುಸ್ತಕ ಸಿಗುತ್ತದೆ. ಟಿಪ್ಪಣಿ ಸೇರಿಸಿ ಹೊರಗೆ ತೆಗೆಯುವ ಆಯ್ಕೆ ಅದರಲ್ಲೇ ಇದೆ, ಅದನ್ನು ಬಳಸಬೇಕು. ಪರೀಕ್ಷಿಸಬೇಕಾದದ್ದು ಇದನ್ನೇ: ಡೇಟಾಬೇಸಿನಲ್ಲಿ ಇಡುವ ಆಪ್ ಹೊರಗೆ ಬರುವ ಬಾಗಿಲನ್ನೂ ಇಟ್ಟಿದೆಯೋ ಇಲ್ಲವೋ. ಬಾಗಿಲು ಇಲ್ಲದಿದ್ದರೆ, ಅಥವಾ ದುಡ್ಡು ಕೊಟ್ಟರಷ್ಟೇ ತೆರೆಯುವುದಾದರೆ, ಅಂಥ ಆಪ್‌ನಲ್ಲಿ ವರ್ಷಗಟ್ಟಲೆಯ ಓದನ್ನು ಇಡಬೇಡಿ.

ಮೂರನೆಯದು, ಟಿಪ್ಪಣಿಯನ್ನು ಸಾದಾ ಟೆಕ್ಸ್ಟ್ ಫೈಲ್ ಆಗಿ ಇಡುವವು ಅಥವಾ ಹಾಗೆ ಹೊರಗೆ ಕೊಡುವವು. ಅಬ್ಸಿಡಿಯನ್, ಜೋಪ್ಲಿನ್ ಇಂಥವು. ಅಬ್ಸಿಡಿಯನ್‌ನಲ್ಲಿ ನಿಮ್ಮ ನೋಟ್ಸ್ ಎಲ್ಲ ಒಂದು ಫೋಲ್ಡರಿನಲ್ಲಿ ಮಾರ್ಕ್‌ಡೌನ್ ಎಂಬ ಸಾದಾ ಟೆಕ್ಸ್ಟ್ ರೀತಿಯ ಫೈಲುಗಳಾಗಿ ಇರುತ್ತವೆ, ನಾಳೆ ಆಪ್ ತೆಗೆದು ಹಾಕಿದರೂ ನೋಟ್‌ಪ್ಯಾಡ್‌ನಲ್ಲೇ ಓದಬಹುದು. ಜೋಪ್ಲಿನ್ ಒಳಗೆ ಡೇಟಾಬೇಸ್ ಇಟ್ಟುಕೊಂಡರೂ ಮಾರ್ಕ್‌ಡೌನ್ ಆಗಿ ಹೊರಗೆ ಕೊಡುತ್ತದೆ. ಅಬ್ಸಿಡಿಯನ್ ಪಿಡಿಎಫ್ ತೆರೆಯುತ್ತದೆ, ಇಂಥ ಫೈಲಿನ ಇಂಥ ಪುಟ ಎಂದು ಲಿಂಕ್ ಕೊಡಬಹುದು. ಆದರೆ ಪುಟದ ಮೇಲೇ ಗೀಟು ಎಳೆಯುವ ಕೆಲಸಕ್ಕೆ ಪ್ಲಗಿನ್ ಎಂಬ ಹೆಚ್ಚುವರಿ ಜೋಡಣೆ ಬೇಕು. ಓದಿದ ಮೇಲೆ ಸ್ವಂತ ಮಾತಿನಲ್ಲಿ ಬರೆದುಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ್ದು.

ಸ್ಟಾರ್ ನೋಡಿ ಮೋಸ ಹೋಗಬೇಡಿ

ಪ್ಲೇ ಸ್ಟೋರ್‌ನಲ್ಲಿ 4.6 ಸ್ಟಾರ್ ಇದೆ, ಚೆನ್ನಾಗೇ ಇರಬೇಕು ಅಲ್ವಾ ಎಂದು ಕೇಳುತ್ತಾರೆ. ಆ ಸ್ಟಾರ್ ಹೇಗೆ ಬರುತ್ತದೆ ನೋಡಿ. 2019ರಿಂದ ಪ್ಲೇ ಸ್ಟೋರ್ ಹೊಸ ರೇಟಿಂಗ್‌ಗಳಿಗೆ ಜಾಸ್ತಿ ತೂಕ ಕೊಡುತ್ತದೆ. 2021ರ ನವೆಂಬರಿನಿಂದ ನಿಮಗೆ ಕಾಣುವುದು ನಿಮ್ಮ ದೇಶದವರು ಕೊಟ್ಟ ರೇಟಿಂಗ್. ಆಮೇಲೆ ಫೋನ್, ಟ್ಯಾಬ್ ಎಂದು ಸಾಧನದ ಪ್ರಕಾರವೂ ಬೇರೆ ಮಾಡಿದರು. ಅಂದರೆ ಅಮೆರಿಕದವರು ಹೊಗಳಿದ್ದು ಇಲ್ಲಿ ಸ್ಟಾರ್ ಆಗಿ ಕಾಣುವುದಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಭಾರತದವರೆಲ್ಲ ಕನ್ನಡ ಫೈಲ್ ಓದುತ್ತಾರಾ? ಇಲ್ಲ. ಇಂಗ್ಲಿಷ್ ಪಠ್ಯದಲ್ಲಿ ಬೆಣ್ಣೆಯಂತೆ ನಡೆಯುವ ಆಪ್ ಕನ್ನಡದ ಒತ್ತಕ್ಷರ ಬಂದ ಕೂಡಲೇ ತಡವರಿಸಬಹುದು, ಆ ಕಥೆ ಸ್ಟಾರ್‌ನಲ್ಲಿ ಬರುವುದಿಲ್ಲ.

ಹಾಗಾಗಿ ರಿವ್ಯೂ ಓದುವಾಗ ಐದು ಸ್ಟಾರಿನವನ್ನೂ ಒಂದು ಸ್ಟಾರಿನವನ್ನೂ ಬಿಡಿ. ಐದು ಸ್ಟಾರ್ ಕೊಟ್ಟವರಲ್ಲಿ ಎಷ್ಟೋ ಜನ ಆಪ್ ಹಾಕಿಕೊಂಡ ದಿನವೇ ಬರೆದಿರುತ್ತಾರೆ. ಒಂದು ಸ್ಟಾರಿನಲ್ಲಿ ಬರೀ ಸಿಟ್ಟು. ಎರಡು, ಮೂರು ಸ್ಟಾರ್ ಕೊಟ್ಟವರು ಸಾಮಾನ್ಯವಾಗಿ ತಿಂಗಳುಗಟ್ಟಲೆ ಬಳಸಿ, ಇಷ್ಟಪಟ್ಟು, ಒಂದು ಕಡೆ ಸೋತವರು. ಅವರ ಮಾತಿನಲ್ಲಿ ಸತ್ವ ಇರುತ್ತದೆ. ಹೊಸತು ಮೊದಲು ಎಂದು ಜೋಡಿಸಿಕೊಂಡು, ಸಿಂಕ್ (ಸಾಧನಗಳ ನಡುವೆ ಹೊಂದಿಸುವುದು), ಎಕ್ಸ್‌ಪೋರ್ಟ್ (ಹೊರಗೆ ತೆಗೆಯುವುದು), ಅಪ್‌ಡೇಟ್ ಆದ ಮೇಲೆ ಎಂಬ ಮಾತುಗಳು ಎಲ್ಲಿ ಬರುತ್ತವೆ ನೋಡಿ. ಒಂದೇ ದೂರು ಬೇರೆ ಬೇರೆ ತಿಂಗಳಲ್ಲಿ ಮತ್ತೆ ಮತ್ತೆ ಬಂದರೆ ಅದು ಅವರು ಸರಿ ಮಾಡದೆ ಬಿಟ್ಟ ದೋಷ. ಡೆವಲಪರ್ ಕೊಟ್ಟ ಉತ್ತರವನ್ನೂ ಓದಿ. ಎಲ್ಲರಿಗೂ ಅಚ್ಚು ಒತ್ತಿದ ಹಾಗೆ ಒಂದೇ ವಾಕ್ಯ ಅಂಟಿಸಿದ್ದರೆ ಅಲ್ಲಿಂದ ಮುಂದೆ ಏನೂ ನಿರೀಕ್ಷೆ ಮಾಡಬೇಡಿ.

ಕನ್ನಡ ಫೈಲಿನ ಕಷ್ಟವೇ ಬೇರೆ

ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ನಮ್ಮ ಕಡೆ ಬರುವ ದೂರಿನಲ್ಲಿ ಆಪ್‌ನ ತಪ್ಪೇ ಅಲ್ಲದ್ದು ಇಲ್ಲಿ ಜಾಸ್ತಿ.

ಕನ್ನಡ ಪಿಡಿಎಫ್ ಎಂದು ನಮ್ಮ ಕೈಗೆ ಬರುವುದರಲ್ಲಿ ಹಲವು ಜಾತಿ ಇದೆ. ಒಂದು, ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಮಾನಕದಲ್ಲಿ, ಟೈಪ್ ಮಾಡಿದ್ದು. ಇನ್ನೊಂದು, ಹಳೆಯ ನುಡಿ, ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಈ ಹಳೆಯ ಫೈಲಿನಲ್ಲಿ ಇರುವ ಸಂಕೇತ ಇಂಗ್ಲಿಷ್ ಅಕ್ಷರದ್ದೇ, ಅದರ ಮೇಲೆ ಫಾಂಟ್ ಕನ್ನಡದ ವೇಷ ಕಟ್ಟಿರುತ್ತದೆ. ವೇಷ ನೋಡಿದರೆ ಚಂದ. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬಣ್ಣ ಕಳಚಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ಸಾಲು ಬರುತ್ತದೆ. ಇಂಥ ಫೈಲಿನಲ್ಲಿ 'ಕಾರವಾರ' ಎಂದು ಯೂನಿಕೋಡ್‌ನಲ್ಲಿ ಬರೆದು ಹುಡುಕಿದರೆ ಯಾವ ಆಪ್ ಆದರೂ ಸಿಗಲಿಲ್ಲ ಅಂತಲೇ ಹೇಳುತ್ತದೆ. ಐದಾರು ಆಪ್ ಬದಲಾಯಿಸಿ ಸುಮ್ನೆ ಸಮಯ ಹಾಳು ಮಾಡಬೇಡಿ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬೇಕಾದ ಭಾಗ ಕಾಪಿ ಮಾಡಿ ಅದರಲ್ಲಿ ಹಾಕಿ.

ಮೂರನೆಯದು ಸ್ಕ್ಯಾನ್ ಮಾಡಿದ ಪುಸ್ತಕ. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಹಳೆಯ ಕನ್ನಡ ಪುಸ್ತಕ ರಾಶಿ ರಾಶಿ ಇವೆ. ಇವು ಪುಟದ ಫೋಟೋಗಳು. ಒಳಗೆ ಅಕ್ಷರದ ಪದರ ಇದ್ದರೆ ಹುಡುಕಬಹುದು, ಹೈಲೈಟ್ ಮಾಡಬಹುದು. ಇಲ್ಲದಿದ್ದರೆ ಬೆರಳು ಎಳೆದರೂ ಏನೂ ಹಿಡಿಯುವುದಿಲ್ಲ. ಆಪ್ ಕೆಟ್ಟಿದೆ ಎಂದು ಬರುವವರಲ್ಲಿ ಅರ್ಧಕ್ಕರ್ಧ ಇಂಥ ಫೈಲ್ ಹಿಡಿದು ಬಂದವರು. ಆರ್ಕೈವ್‌ನ ಫೈಲ್ ಹಳೆಯ ಫೋನಿನಲ್ಲಿ ಪುಟ ತಿರುಗಿಸಲು ನಿಧಾನ ಮಾಡುವುದಕ್ಕೂ ಕಾರಣ ಇದೆ. ಅವರ ಬಹುಪಾಲು ಪಿಡಿಎಫ್‌ಗಳಲ್ಲಿ ಚಿತ್ರವನ್ನು ಜೆಪೆಗ್ 2000 ಎಂಬ ರೀತಿಯಲ್ಲಿ ಕುಗ್ಗಿಸಿರುತ್ತಾರೆ, ಅದನ್ನು ಬಿಚ್ಚುವ ಕೆಲಸ ಫೋನಿಗೆ ಭಾರ.

ಅಕ್ಷರದ ಪದರ ಬೇಕಾದರೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಗುರುತಿಸುವ ಕೆಲಸ, ಮಾಡಿಸಬೇಕು. ಸುಲಭದ ದಾರಿ, ಬೇಕಾದ ಕೆಲವೇ ಪುಟ ಕತ್ತರಿಸಿ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯುವುದು. ಕನ್ನಡವನ್ನು ಅದು ಚೆನ್ನಾಗಿಯೇ ಓದುತ್ತದೆ. ಇಡೀ ಪುಸ್ತಕ ಒಮ್ಮೆಲೇ ಹಾಕಿದರೆ ಆಗುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಪಳಗಿದವರು ಓಸಿಆರ್‌ಮೈಪಿಡಿಎಫ್ ಎಂಬ ಉಚಿತ ತಂತ್ರಾಂಶ ನೋಡಿ. ಅದು ಬಳಸುವ ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶದ ಕನ್ನಡ ಡೇಟಾ ಸೇರಿಸಿಕೊಂಡರೆ ಅದೇ ಪಿಡಿಎಫ್‌ಗೆ ಕಾಣದ ಅಕ್ಷರದ ಪದರ ಕೂರಿಸಿ ಕೊಡುತ್ತದೆ, ನೆಟ್ ಬೇಡ. ಎರಡರಲ್ಲೂ ತಪ್ಪು ಬರುತ್ತದೆ. ಒತ್ತಕ್ಷರ ಬಿಟ್ಟುಹೋಗುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ, ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಕೂರುತ್ತದೆ. ಕೊನೆಯದ್ದು ಬಹಳ ಕಾಟ ಕೊಡುವಂಥದ್ದು, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕುವಾಗ ಮಾತ್ರ ಬೇರೆ. 'ಅಂಕೋಲಾ' ಸಿಗದಿದ್ದರೆ 'ಕೋಲಾ' ಎಂದು ಹುಡುಕಿ, ಸಿಕ್ಕರೂ ಸಿಗಬಹುದು.

ಇಂಗ್ಲಿಷ್ ಸ್ಕ್ಯಾನ್ ಆದರೂ ಪೂರ್ತಿ ನಂಬುವ ಹಾಗಿಲ್ಲ. ನಮ್ಮ ಜಿಲ್ಲೆಯ ಇತಿಹಾಸ ಓದುವವರೆಲ್ಲ ಒಂದಲ್ಲ ಒಂದು ದಿನ 1883ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 15ನೇ ಸಂಪುಟಕ್ಕೆ ಬರುತ್ತಾರೆ, ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಗ್ರಂಥ ಅದು, ಎರಡು ಭಾಗದ್ದು. ಅದರಲ್ಲಿ ಕಾರವಾರ, ಹೊನ್ನಾವರ ಎಂಬ ಊರ ಹೆಸರಿನ ಇಂಗ್ಲಿಷ್ ಸ್ವರದ ಮೇಲೆ ದೀರ್ಘ ತೋರಿಸುವ ಸಣ್ಣ ಗೆರೆ ಇರುತ್ತದೆ. ಓಸಿಆರ್ ಆ ಗೆರೆ ನೋಡಿ ಏನೇನೋ ಓದಿರುತ್ತದೆ. ಹುಡುಕಿದಾಗ ಬಂದ ಫಲಿತಾಂಶ ಕಡಿಮೆ ಎಂದ ಮಾತ್ರಕ್ಕೆ ಪುಸ್ತಕದಲ್ಲಿ ವಿಷಯ ಇಲ್ಲ ಎಂದುಕೊಳ್ಳಬೇಡಿ, ಕೊನೆಯ ಅನುಕ್ರಮಣಿಕೆ ನೋಡಿ ಪುಟಕ್ಕೆ ಹೋಗಿ.

ಈ ಗೆಜೆಟಿಯರ್‌ನಂಥ ಕೆಲಸಕ್ಕೇ ನಾನು ಝೊಟೆರೋ ಹೇಳುವುದು. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದರಲ್ಲಿ ಶುರುವಾದದ್ದು, ಉಚಿತ, ಓಪನ್ ಸೋರ್ಸ್. 2022ರ ಆರನೇ ಆವೃತ್ತಿಯಿಂದ ಅದರೊಳಗೇ ಪಿಡಿಎಫ್ ಓದಬಹುದು. 2024ರ ಏಳನೇ ಆವೃತ್ತಿಯಲ್ಲಿ ಇಪಬ್ ರೀತಿಯ ಇ-ಪುಸ್ತಕ ಓದುವ ಸೌಲಭ್ಯವೂ ಬಂತು. ಓದುತ್ತಾ ಹಳದಿ ಬಳಿಯಿರಿ, ಪಕ್ಕದಲ್ಲಿ ನಿಮ್ಮ ಮಾತು ಕನ್ನಡದಲ್ಲೇ ಬರೆಯಿರಿ. ಮುಗಿದ ಮೇಲೆ ಗೀಟುಗಳಿಂದ ನೋಟ್ ಮಾಡು ಎಂಬ ಆಯ್ಕೆ ಒತ್ತಿ. ನೀವು ಬಳಿದ ಪ್ರತಿ ಸಾಲು, ಅದರ ಪುಟಸಂಖ್ಯೆ, ಕೆಳಗೆ ನಿಮ್ಮ ಮಾತು, ಎಲ್ಲ ಸಾಲಾಗಿ ಒಂದು ಹಾಳೆಯಲ್ಲಿ ಬಂದು ಕೂರುತ್ತದೆ. ಪುಟಸಂಖ್ಯೆ ಒತ್ತಿದರೆ ಅದೇ ಪುಟ ತೆರೆಯುತ್ತದೆ. ಸ್ಕ್ಯಾನ್ ಪುಸ್ತಕದಲ್ಲಿ ಅಕ್ಷರ ಹಿಡಿಯದಿದ್ದರೆ ಚೌಕ ಎಳೆದು ಆ ಭಾಗವನ್ನು ಚಿತ್ರವಾಗಿಯೇ ಹಿಡಿಯಬಹುದು. ನುಡಿ ಫಾಂಟಿನ ಫೈಲಿಗೂ ಇದೇ ಉಪಾಯ, ಯಾಕೆಂದರೆ ಅಲ್ಲಿ ಸಾಲು ಬಳಿದರೆ ನೋಟ್ಸ್‌ಗೆ ಬರುವುದು ಆ ಇಂಗ್ಲಿಷ್ ಅಕ್ಷರದ ಗೋಜಲು.

ಕೇಳಿಸಿಕೊಂಡು ಓದುವವರ ಬಗ್ಗೆ ಒಂದು ಮಾತು. ಎಡ್ಜ್‌ನಲ್ಲಿ ಗಟ್ಟಿಯಾಗಿ ಓದಿಸುವ ಆಯ್ಕೆಗೆ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ. ನೆಟ್ ಬೇಕು, ಫೈಲ್ ಯೂನಿಕೋಡ್ ಇರಬೇಕು. ಕಣ್ಣಿನ ಆಪರೇಷನ್ ಆದ ಹಿರಿಯರಿಗೆ ಇದು ದೊಡ್ಡ ಉಪಕಾರ, ಮನೆಯ ಮಕ್ಕಳು ಒಮ್ಮೆ ಕೂತು ತೋರಿಸಿಕೊಡಿ.

ಮಳೆಗಾಲಕ್ಕೆ ತಡೆಯುವ ಆಪ್

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸುಮ್ಮನಾಗುತ್ತದೆ. ದೇವಿಮನೆ ಘಟ್ಟ ಇಳಿಯುವಾಗ, ಜೋಯಿಡಾ ಕಡೆಯ ಕಾಡಿನಲ್ಲಿ ಬೇಸಿಗೆಯಲ್ಲೂ ಸಿಗ್ನಲ್ ಸಿಗುವುದು ಕಷ್ಟ, ಕೊಂಕಣ ರೈಲಿನ ಸುರಂಗದ ಮಾತು ಬಿಡಿ. ಅರಣ್ಯ ಕಾಲೇಜಿನ ಹುಡುಗರು ಫೀಲ್ಡಿಗೆ ಹೋಗಿ ಮರದ ಗುರುತಿನ ಕೈಪಿಡಿ ತೆರೆಯಬೇಕಾದದ್ದು ಇಂಥ ಜಾಗದಲ್ಲೇ. ಅವರಿಂದ ಬರುವ ಅಭಿಪ್ರಾಯ ಒಂದೇ ಸಾಲಿನದು: ಫೈಲ್ ಫೋನಿನಲ್ಲಿ ಇಲ್ಲದಿದ್ದರೆ ಆಪ್ ಇದ್ದೂ ಇಲ್ಲ.

ಪರೀಕ್ಷೆ ಸುಲಭ. ಹೊಸ ಆಪ್ ಹಾಕಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಫೈಲ್ ತೆರೆಯಿರಿ, ಗೀಟು ಹಾಕಿ, ಕನ್ನಡದಲ್ಲಿ ಟಿಪ್ಪಣಿ ಬರೆಯಿರಿ, ಆಪ್ ಮುಚ್ಚಿ ಮತ್ತೆ ತೆರೆಯಿರಿ. ಎಲ್ಲ ಇದ್ದ ಹಾಗೇ ಇದ್ದರೆ ಪಾಸು. ಲಾಗಿನ್ ಆಗು ಅಂದರೆ, ಚಕ್ರ ತಿರುಗುತ್ತಾ ನಿಂತರೆ, ನಮ್ಮ ಊರಿಗೆ ಅದು ಆಗಿಬರುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಇಟ್ಟವರು ಬೇಕಾದ ಫೈಲಿಗೆ ಆಫ್‌ಲೈನ್ ಎಂದು ಮೊದಲೇ ಗುರುತು ಹಾಕಿಡಬೇಕು, ಅದು ತಾನಾಗಿ ಆಗುವುದಿಲ್ಲ. ಆಕ್ರೊಬ್ಯಾಟ್‌ನ ಲಿಕ್ವಿಡ್ ಮೋಡ್, ಅಂದರೆ ಸಣ್ಣ ಪರದೆಗೆ ತಕ್ಕ ಹಾಗೆ ಅಕ್ಷರ ದೊಡ್ಡದು ಮಾಡಿ ಸಾಲು ಜೋಡಿಸಿಕೊಡುವ ಸೌಲಭ್ಯ, ಫೈಲನ್ನು ಅವರ ಸರ್ವರ್‌ಗೆ ಕಳಿಸಿ ಮಾಡುವ ಕೆಲಸ. ನೆಟ್ ಇಲ್ಲದ ಕಡೆ ಅದನ್ನು ನೆಚ್ಚಿಕೊಳ್ಳಬೇಡಿ.

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ವಿಷಯ ಬೇರೆ ಹೇಳಲೇಬೇಕು. ಅಲ್ಲಿಂದಲೇ ನೇರ ತೆರೆದು ಗೀಟು ಹಾಕಿದರೆ ಎಷ್ಟೋ ಆಪ್‌ಗಳು ಬೇರೆ ಪ್ರತಿ ಮಾಡಿ ಅದರಲ್ಲಿ ಬರೆಯುತ್ತವೆ. ನಾಳೆ ಮತ್ತೆ ವಾಟ್ಸಾಪ್‌ನಿಂದ ತೆರೆದಾಗ ಖಾಲಿ. ಹೈಲೈಟ್ ಮಾಯವಾಯಿತು ಎನ್ನುವ ಮೇಷ್ಟ್ರುಗಳ ದೂರಿನಲ್ಲಿ ಬಹಳಷ್ಟು ಇದೇ. ಮೊದಲು ಫೋನಿನ ಒಂದು ಫೋಲ್ಡರಿಗೆ ಉಳಿಸಿ, ಅಲ್ಲಿಂದ ತೆರೆಯಿರಿ. ಒಂದೇ ಫೈಲನ್ನು ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ನೆಟ್ ಇಲ್ಲದಾಗ ತಿದ್ದಬೇಡಿ. ಆಮೇಲೆ ಎರಡು ಪ್ರತಿ ಆಗಿ, ಅರ್ಧ ಗೀಟು ಅದರಲ್ಲಿ, ಅರ್ಧ ಇದರಲ್ಲಿ ಉಳಿಯುತ್ತದೆ.

ಪೆನ್ನಿನಲ್ಲಿ ಬರೆಯುವವರಿಗೆ

ಅರ್ಥಧಾರಿಗಳು, ಭಾಗವತರು ಇವರದು ಬೇರೆ ಲೆಕ್ಕ. ಪದ್ಯದ ಮೇಲೆ 'ಭೈರವಿ ಝಂಪೆ' ಎಂದು ರಾಗ, ತಾಳ ಅಚ್ಚಾಗಿರುತ್ತದೆ, ಅವರು ಅದನ್ನು ಹೊಡೆದು ತಮಗೆ ಒಗ್ಗಿದ ರಾಗ ಬರೆದುಕೊಳ್ಳುತ್ತಾರೆ, ಬಿಡುವ ಪದ್ಯಕ್ಕೆ ಅಡ್ಡಗೆರೆ ಹಾಕುತ್ತಾರೆ, ಎದುರಿನವರು ಏನು ಕೇಳಬಹುದು ಎಂದು ಅಂಚಿನಲ್ಲಿ ಎರಡು ಪದ ಗೀಚುತ್ತಾರೆ. ಇದಕ್ಕೆ ಟೈಪ್ ಮಾಡುವ ಆಪ್ ಸರಿ ಹೋಗುವುದಿಲ್ಲ. ಅವರು ಕೇಳುವುದು ಅಕ್ಷರ ದೊಡ್ಡದಾಗಬೇಕು, ಪುಟ ತಟ್ಟನೆ ತಿರುಗಬೇಕು, ಪದ್ಯದ ನಡುವೆ ಪರದೆ ಆರಬಾರದು, ಅಂಗೈ ತಾಗಿದರೆ ಗೆರೆ ಬೀಳಬಾರದು.

ಸ್ಯಾಮ್‌ಸಂಗ್ ಟ್ಯಾಬ್ ಮತ್ತು ಎಸ್ ಪೆನ್ ಇದ್ದವರಿಗೆ ಸ್ಯಾಮ್‌ಸಂಗ್ ನೋಟ್ಸ್ ಸಾಕು. ಪಿಡಿಎಫ್ ಒಳಗೆ ತಂದು, ಮೇಲೆ ಬರೆದು, ಮತ್ತೆ ಪಿಡಿಎಫ್ ಆಗಿ ಹೊರಗೆ ತೆಗೆಯಬಹುದು. ಬೇರೆ ದುಡ್ಡು ಬೇಡ. ಐಪ್ಯಾಡ್ ಇದ್ದರೆ ಗುಡ್‌ನೋಟ್ಸ್, ನೋಟಬಿಲಿಟಿ ಎರಡೂ ಹೆಸರು ಮಾಡಿದವು, ಬರೆಯುವ ಸುಖ ಎರಡರಲ್ಲೂ ಇದೆ. ಕೈಬರಹದಲ್ಲಿ ಬರೆದದ್ದನ್ನು ಹುಡುಕಿ ಕೊಡುತ್ತೇವೆ ಎಂಬ ಜಾಹೀರಾತು ನೋಡಿ ಮಾತ್ರ ಕೊಳ್ಳಬೇಡಿ. ನಿಮ್ಮ ಕನ್ನಡ ಕೈಬರಹದಲ್ಲಿ ಒಂದು ಪುಟ ಬರೆದು, ಹುಡುಕಿ, ಸಿಕ್ಕರೆ ಮಾತ್ರ ದುಡ್ಡು ಕೊಡಿ. ಪರದೆ ಆರುವುದಕ್ಕೆ ಆಪ್ ಬೇಡ, ಟ್ಯಾಬ್‌ನ ಸೆಟ್ಟಿಂಗ್‌ನಲ್ಲೇ ಸಮಯ ಹೆಚ್ಚಿಸಿ.

ವಕೀಲರಿಗೆ, ದೊಡ್ಡ ಕಡತ ತಡಕಾಡುವವರಿಗೆ ಲಿಕ್ವಿಡ್‌ಟೆಕ್ಸ್ಟ್ ಎಂಬುದು ಐಪ್ಯಾಡ್‌ಗೂ ವಿಂಡೋಸ್‌ಗೂ ಇದೆ. ಕಡತದ ಒಂದು ಸಾಲನ್ನು ಎಳೆದು ಪಕ್ಕದ ಖಾಲಿ ಜಾಗಕ್ಕೆ ಹಾಕಿ, ಇನ್ನೊಂದು ಕಡತದ ಸಾಲಿಗೆ ಗೆರೆ ಎಳೆದು ಜೋಡಿಸಬಹುದು. ಸಾಕ್ಷಿ ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ಹೇಳಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡುವವರಿಗೆ ಇದು ಚೆನ್ನ. ಪೂರ್ತಿ ಸೌಲಭ್ಯಕ್ಕೆ ದುಡ್ಡು ಬೇಕು. ಒನ್‌ನೋಟ್ ಉಚಿತ, ಪಿಡಿಎಫ್ ಪುಟಗಳನ್ನು ಚಿತ್ರವಾಗಿ ಹರಡಿ ಮೇಲೆ ಬರೆಯಲು ಕೊಡುತ್ತದೆ, ಆದರೆ ಗೀಟು ಮೂಲ ಪಿಡಿಎಫ್‌ಗೆ ವಾಪಸ್ ಹೋಗುವುದಿಲ್ಲ, ನೂರಾರು ಪುಟ ಹಾಕಿದರೆ ಭಾರವೂ ಆಗುತ್ತದೆ.

ಅಂದ ಹಾಗೆ ಪಹಣಿ, ಕೋರ್ಟ್ ಕಡತ, ಆಸ್ಪತ್ರೆಯ ರಿಪೋರ್ಟ್ ಇಂಥವನ್ನು ಸಿಕ್ಕ ಸಿಕ್ಕ ಉಚಿತ ಪಿಡಿಎಫ್ ಸೇವೆಗೆ ಅಪ್‌ಲೋಡ್ ಮಾಡಬೇಡಿ. ಪುಟ ಕತ್ತರಿಸುವುದು, ಜೋಡಿಸುವುದು ಎಲ್ಲ ಕಂಪ್ಯೂಟರಿನಲ್ಲೇ ಆಗುವ ಕೆಲಸ.

ದುಡ್ಡು, ಮತ್ತು ಮುಚ್ಚಿಹೋಗುವ ಅಂಗಡಿಗಳು

ಉಚಿತ ಎಂದೋ ಒಂದೇ ಸಲದ ದುಡ್ಡಿಗೆ ಎಂದೋ ಶುರುವಾದದ್ದು ಹಾಗೇ ಇರುತ್ತದೆ ಎಂಬ ಭರವಸೆ ಇಲ್ಲ. ನೋಟಬಿಲಿಟಿ 2021ರ ನವೆಂಬರಿನಲ್ಲಿ ಚಂದಾ ಪದ್ಧತಿಗೆ ಹೋಯಿತು. ಮೊದಲೇ ದುಡ್ಡು ಕೊಟ್ಟು ಕೊಂಡವರು ಗಲಾಟೆ ಮಾಡಿದ ಮೇಲೆ ಅವರ ಹಳೆಯ ಸೌಲಭ್ಯ ಉಳಿಸಿಕೊಟ್ಟರು. ಬಳಕೆದಾರರ ಮಾತಿಗೆ ಬಲ ಇದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ನೋಟ್ಸ್ ಬರೆದಿಡುವ ಎವರ್‌ನೋಟ್ 2023ರ ಕೊನೆಗೆ ಉಚಿತ ಬಳಕೆಯನ್ನು 50 ನೋಟ್‌ಗೆ, ಒಂದು ನೋಟ್‌ಬುಕ್‌ಗೆ ಇಳಿಸಿತು. ಝೋಡೋ ಮೊದಲು ಪೂರ್ತಿ ಉಚಿತವಿತ್ತು, ಆಮೇಲೆ ಕೆಲವು ಕೆಲಸಕ್ಕೆ ಚಂದಾ ಬಂತು. ಲೇಖನಗಳನ್ನು ಆಮೇಲೆ ಓದಲು ಎತ್ತಿಡುವ ಆಮ್ನಿವೋರ್ 2024ರ ನವೆಂಬರಿನಲ್ಲಿ ಮುಚ್ಚಿತು. ಅಂಥದ್ದೇ ಆದ ಮೊಝಿಲ್ಲಾದ ಪಾಕೆಟ್ 2025ರ ಜುಲೈ 8ಕ್ಕೆ ನಿಂತಿತು. ಇಟ್ಟದ್ದನ್ನು ಹೊರಗೆ ತೆಗೆದುಕೊಳ್ಳಲು ಅವು ಸ್ವಲ್ಪ ಸಮಯ ಕೊಟ್ಟವು, ಗಮನಿಸದೆ ಇದ್ದವರದ್ದು ಹೋಯಿತು.

ಇದಕ್ಕೇ ನಾನು ಫೈಲಿನೊಳಗೆ ಅಥವಾ ಸಾದಾ ಟೆಕ್ಸ್ಟ್‌ನಲ್ಲಿ ಇರುವ ಟಿಪ್ಪಣಿಯ ಕಡೆ ವಾಲುವುದು. ದುಡ್ಡು ಕೊಡುವುದು ತಪ್ಪಲ್ಲ, ಕೆಲಸ ಮಾಡಿದವರಿಗೆ ಕೊಡಲೇಬೇಕು. ಚಂದಾ ನಿಲ್ಲಿಸಿದ ಮರುದಿನ ನನ್ನ ಹಳೆಯ ಟಿಪ್ಪಣಿ ಓದಲು ಸಿಗುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಝೊಟೆರೋದಲ್ಲೂ ಲೆಕ್ಕ ತಿಳಿದಿರಲಿ: ಟಿಪ್ಪಣಿ ಸಿಂಕ್ ಮಾಡಲು ದುಡ್ಡಿಲ್ಲ, ಪಿಡಿಎಫ್ ಫೈಲ್ ಇಡಲು ಉಚಿತ ಜಾಗ 300 ಎಂಬಿ. ಸ್ಕ್ಯಾನ್ ಪುಸ್ತಕ ನಾಲ್ಕೈದು ಹಾಕಿದರೆ ತುಂಬುತ್ತದೆ. ದೊಡ್ಡ ಫೈಲ್ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಪರೀಕ್ಷೆಗೆ ಓದುತ್ತಿದ್ದೀರಿ, ಕೈಯಲ್ಲಿ ಸಾಧಾರಣ ಆಂಡ್ರಾಯ್ಡ್ ಫೋನ್ ಮಾತ್ರ ಇದೆ: ಆಕ್ರೊಬ್ಯಾಟ್ ರೀಡರ್ ಸಾಕು. ಹೈಲೈಟ್, ಟಿಪ್ಪಣಿ ಉಚಿತ, ದುಡ್ಡು ಕೇಳುವುದು ಪಿಡಿಎಫ್ ತಿದ್ದುವ ಕೆಲಸಕ್ಕೆ, ಅದು ನಿಮಗೆ ಬೇಡ. ಟಿಪ್ಪಣಿ ಬರೆಯಲು ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನ ಕನ್ನಡ ಧ್ವನಿ ಬಳಸಿ, ಮಾತಾಡಿದರೆ ಅಕ್ಷರ ಬರುತ್ತದೆ, ನಡುವೆ ತಪ್ಪಿದ್ದನ್ನು ತಿದ್ದಿಕೊಂಡರೆ ಆಯಿತು.

ಹಳೆಯ ಲ್ಯಾಪ್‌ಟಾಪ್ ಇದೆ ಅಂದರೆ ಓಕ್ಯುಲಾರ್. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. 2022ರಲ್ಲಿ ಜರ್ಮನಿಯ ಬ್ಲೂ ಏಂಜಲ್ ಪರಿಸರ ಮುದ್ರೆ ಪಡೆದ ಮೊದಲ ತಂತ್ರಾಂಶ ಅದು. ಕಡಿಮೆ ವಿದ್ಯುತ್ ಬಳಸುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂಬುದು ಆ ಮುದ್ರೆಗೆ ಬೇಕಾದ ಗುಣ. ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ನಡೆಸುವ ನಮಗೆ ಇದು ಸಣ್ಣ ವಿಷಯವಲ್ಲ.

ಪಿಎಚ್‌ಡಿ, ಲೇಖನ, ಊರ ಚರಿತ್ರೆ ಬರೆಯುವವರು ಕಣ್ಣುಮುಚ್ಚಿ ಝೊಟೆರೋ. ಓದಿದ್ದನ್ನು ಸ್ವಂತ ಮಾತಿನಲ್ಲಿ ಕಟ್ಟಿಕೊಳ್ಳುವವರು ಓಕ್ಯುಲಾರ್ ಅಥವಾ ಎಡ್ಜ್ ಜೊತೆಗೆ ಅಬ್ಸಿಡಿಯನ್, ಸ್ವಂತ ಬಳಕೆಗೆ ಅದು ಉಚಿತ. ಪೆನ್ನಿನವರಿಗೆ ಮೇಲೆ ಹೇಳಿದೆ. ಬರೀ ಸುತ್ತೋಲೆ ಓದಿ ದಿನಾಂಕ ನೆನಪಿಟ್ಟುಕೊಳ್ಳಬೇಕು ಅನ್ನುವವರಿಗೆ ಇದ್ಯಾವುದೂ ಬೇಡ, ಗೂಗಲ್ ಕೀಪ್‌ನಲ್ಲಿ ಫೋಟೋ ಹಾಕಿ ರಿಮೈಂಡರ್ ಇಟ್ಟರೆ ಮುಗಿಯಿತು.

ಆಪ್ ಆರಿಸಿ ಬಳಸತೊಡಗಿದ ಮೇಲೆ ದಯವಿಟ್ಟು ಅಭಿಪ್ರಾಯ ಬರೆದು ಕಳಿಸಿ. ಕನ್ನಡದವರು ಬರೆಯುವುದಿಲ್ಲ, ಹಾಗಾಗಿ ಕನ್ನಡದ ತೊಂದರೆ ತಯಾರಕರಿಗೆ ಗೊತ್ತೇ ಆಗುವುದಿಲ್ಲ. 'ಆಪ್ ಸರಿಯಿಲ್ಲ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಫೋನ್, ಆಪ್‌ನ ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟು ಬರೆಯಿರಿ. ಹುಡುಕಿದ ಪದವನ್ನು ಹಾಗೇ ಅಂಟಿಸಿ. ತೊಂದರೆ ಕಾಣುವ ಒಂದೇ ಪುಟವನ್ನು ಬೇರೆ ಪಿಡಿಎಫ್ ಮಾಡಿ ಜೊತೆಗಿಡಿ, ಅದರಲ್ಲಿ ಯಾರ ಖಾಸಗಿ ವಿವರವೂ ಇರದಿರಲಿ. ಕಾಪಿ ಮಾಡಿದಾಗ ಒತ್ತಕ್ಷರ ಒಡೆಯುತ್ತಿದ್ದರೆ ಮೂಲದ ಸ್ಕ್ರೀನ್‌ಶಾಟ್, ಒಡೆದ ಪಠ್ಯ ಎರಡನ್ನೂ ಕೊಡಿ. ಅದೇ ಫೈಲ್ ಬೇರೊಂದು ಆಪ್‌ನಲ್ಲಿ ಸರಿ ಬರುತ್ತದೆಯೇ ಎಂದೂ ತಿಳಿಸಿ, ಆಗ ತಪ್ಪು ಫೈಲಿನದೋ ಆಪ್‌ನದೋ ಎಂದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಓಕ್ಯುಲಾರ್‌ಗೆ ಕೆಡಿಇಯ ದೋಷ ದಾಖಲಿಸುವ ಜಾಲತಾಣದಲ್ಲಿ ಬರೆಯಬಹುದು, ಝೊಟೆರೋಗೆ ಅದರದೇ ಬಳಕೆದಾರರ ವೇದಿಕೆ ಇದೆ. ಇಂಗ್ಲಿಷ್ ಬಾರದಿದ್ದರೆ ನಮ್ಮ ಲೈಬ್ರರಿಗೆ ಬನ್ನಿ, ಫೈಲ್ ತನ್ನಿ, ಕೂತು ಒಟ್ಟಿಗೆ ಬರೆದು ಕಳಿಸೋಣ.